ದಿನದ ಓಡಾಟಕ್ಕೆ ಆಟೋಮ್ಯಾಟಿಕ್, ಭಾನುವಾರಕ್ಕೆ ಅಪ್ಪನ ಮ್ಯಾನುಯಲ್ ಸ್ವಿಫ್ಟ್: ಎರಡೂ ಇಟ್ಟುಕೊಂಡರೆ ಹುಚ್ಚಾ?

ಎರಡನೇಗೇರು, ಚಿಕ್ಕಮಗಳೂರು:
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಈ ಕಾರು ಫೋರಮ್ಮಿನಲ್ಲಿ ಎಲ್ಲರ ಪೋಸ್ಟ್ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ.

ಮನೆ ಚಿಕ್ಕಮಗಳೂರು, ಕೆಲಸ ಹಾಸನ. ವಾರಕ್ಕೆ ನಾಲ್ಕು ದಿನ ಬೇಲೂರು ಮೇಲೆ ಹೋಗಿ ಬರಬೇಕು. ಎರಡೂ ಕಡೆ ಸೇರಿ 125 ಕಿಲೋಮೀಟರ್ ಆಗುತ್ತದೆ. ಸದ್ಯಕ್ಕೆ ಇರುವುದು 2007ರ ಸ್ವಿಫ್ಟ್ ಪೆಟ್ರೋಲ್, ಹಳೇ 1.3 ಲೀಟರ್ ಇಂಜಿನ್ನಿನದು. ಅಪ್ಪ ತೆಗೆದುಕೊಂಡ ಕಾರು. ಅವರ ಎಡಗೈ ಉಂಗುರ ಉಜ್ಜಿ ಉಜ್ಜಿ ಗೇರ್ ನಾಬಿನ ಒಂದು ಕಡೆ ಬೆಳ್ಳಗಾಗಿದೆ. ಅಪ್ಪ ಹೋಗಿ ಆರು ವರ್ಷ ಆಯಿತು, ನಾಬ್ ಬದಲಾಯಿಸಲು ಮನಸ್ಸು ಬಂದಿಲ್ಲ.

ಈಗ ಸಮಸ್ಯೆ ಏನೆಂದರೆ ನನ್ನ ಎಡ ಮಂಡಿ. ಡಾಕ್ಟರು "ಕ್ಲಚ್ ಒತ್ತೋದು ಕಡಿಮೆ ಮಾಡಿ" ಅಂದರು. ಸುಮ್ನೆ ಕುತೂಹಲಕ್ಕೆ ಒಂದು ದಿನ ಎಣಿಸಿದೆ. ಮನೆ ಬಿಟ್ಟು ಬೇಲೂರು ದಾಟುವಷ್ಟರಲ್ಲಿ ಕ್ಲಚ್ ಒತ್ತಿದ್ದು 143 ಸಲ! ಊರೂರಿಗೆ ಹಂಪ್, ಹಂಪ್ ಇಲ್ಲದ ಕಡೆ ಟ್ರ್ಯಾಕ್ಟರು, ಟ್ರ್ಯಾಕ್ಟರ್ ಇಲ್ಲದ ಕಡೆ ಎಮ್ಮೆ.

ಅದಕ್ಕೆ ದಿನದ ಓಡಾಟಕ್ಕೆ ಒಂದು ಆಟೋಮ್ಯಾಟಿಕ್ ತೆಗೆದುಕೊಳ್ಳೋಣ ಅಂತ. ಆನ್ ರೋಡ್ 11 ಲಕ್ಷ ದಾಟಬಾರದು. ನನ್ನ ಹೆಂಡತಿಯೂ ಓಡಿಸಬೇಕು. ಅವಳಿಗೆ ಲೈಸೆನ್ಸ್ ಇದೆ, ಆದರೆ ಹತ್ತು ವರ್ಷದಿಂದ ಸ್ಟೀರಿಂಗ್ ಮುಟ್ಟಿಲ್ಲ. ಸ್ವಿಫ್ಟನ್ನು ಮಾತ್ರ ಮಾರುವುದಿಲ್ಲ. ಭಾನುವಾರ ಬೆಳಿಗ್ಗೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಅಂತ ಒಂದು ಸುತ್ತು ಹೊಡೆಯದಿದ್ದರೆ ನನಗೆ ವಾರ ಮುಗಿದ ಹಾಗೆ ಅನಿಸುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಬಗೆಗಳಲ್ಲಿ ಎಎಂಟಿ ಸಾಕಾ? ಸಿವಿಟಿ ಬೇಕಾ? ಅಥವಾ ಎರಡು ಕಾರು ಅನ್ನುವುದೇ ತಲೆ ಕೆಟ್ಟವರ ಲೆಕ್ಕವಾ?

ಕ್ಲಚ್‌ಪ್ಲೇಟ್, ಹಾಸನ:
ಮೊದಲನೇ ಉತ್ತರ ನಂದೇ. ಎಎಂಟಿ ತಗೊಳ್ಳಿ, ಮುಗೀತು. ಮ್ಯಾನುಯಲ್‌ಗಿಂತ ಸುಮಾರು 50 ಸಾವಿರ ಜಾಸ್ತಿ, ಮೈಲೇಜ್ ಅಷ್ಟೇ ಬರುತ್ತದೆ. ಮಿಕ್ಕಿದ ದುಡ್ಡಲ್ಲಿ ಸ್ವಿಫ್ಟಿಗೆ ಒಳ್ಳೇ ಟೈರ್ ಹಾಕಿಸಿ.

ತೋಟದಮನೆ, ಆಲ್ದೂರು:
ಎಎಂಟಿ ಬೇಡ ಮಾರಾಯ್ರೆ. ನಮ್ಮ ತೋಟದ ಗೇಟಿನ ಹತ್ತಿರದ ಏರಿನಲ್ಲಿ ಒಮ್ಮೆ ಸಂಬಂಧಿಕರ ಎಎಂಟಿ ಕಾರು ಹಿಂದಕ್ಕೆ ಜಾರಿ ಕಾಫಿ ಗಿಡದ ಮೇಲೆ ಕೂತಿತು. ಎರಡು ಅರೇಬಿಕಾ ಗಿಡ ಹೋಯಿತು. ಕಾರಿಗೆ ಏನೂ ಆಗಲಿಲ್ಲ, ಅದೇ ಬೇಜಾರು.

ಕ್ಲಚ್‌ಪ್ಲೇಟ್, ಹಾಸನ:
@ತೋಟದಮನೆ ಅದು ಹಳೇ ಕಾರಿರಬೇಕು ಸರ್. ಈಗ ಬಹಳಷ್ಟು ಕಾರಿಗೆ ಹಿಲ್ ಹೋಲ್ಡ್ ಬರುತ್ತದೆ. ಬ್ರೇಕಿನಿಂದ ಕಾಲು ತೆಗೆದರೂ ಒಂದೆರಡು ಸೆಕೆಂಡ್ ಹಿಡಿದಿರುತ್ತದೆ.

ತೋಟದಮನೆ, ಆಲ್ದೂರು:
ಆ ಒಂದೆರಡು ಸೆಕೆಂಡ್ ಮುಗಿದ ಮೇಲೆ?

ಗ್ರೀಸ್‌ಕೈ, ಚಿಕ್ಕಮಗಳೂರು:
22 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ, ಬಿಡಿಸಿ ಹೇಳುತ್ತೇನೆ.

ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಕ್ಲಚ್ ಪ್ಲೇಟು, ಅದೇ ಗೇರು. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಅಲ್ಲಿ ಒಂದು ಯಂತ್ರ ಮಾಡುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ ಇದು ಜನಕ್ಕೆ ಪರಿಚಯ ಆಗಿದ್ದು 2014ರಲ್ಲಿ ಮಾರುತಿ ಸೆಲೆರಿಯೋ ಬಂದಾಗ. ಅಲ್ಲಿಯವರೆಗೆ ಆಟೋಮ್ಯಾಟಿಕ್ ಅಂದರೆ ದುಡ್ಡಿದ್ದವರ ಕಾರು. ಈ ಯಂತ್ರದ ಗುಣ ಏನೆಂದರೆ, ಗೇರ್ ಬದಲಿಸುವಾಗ ಒಂದು ಗಳಿಗೆ ಎಳೆತ ನಿಂತು ಹೋಗುತ್ತದೆ, ತಲೆ ಮುಂದಕ್ಕೆ ಆಡುತ್ತದೆ. ಹೊಸಬರಿಗೆ ಕಾರು ಬಿಕ್ಕಳಿಸಿದ ಹಾಗೆ ಅನಿಸುತ್ತದೆ. ಗೇರ್ ಬೀಳುವ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲ ಬಿಟ್ಟರೆ ಬಿಕ್ಕಳಿಕೆ ಮುಕ್ಕಾಲು ಭಾಗ ಹೋಗುತ್ತದೆ.

ನನ್ನ ಹತ್ತಿರ ಬರುವ ಎಎಂಟಿಗಳಲ್ಲಿ ಕ್ಲಚ್ ಸುಟ್ಟಿರುವುದು ಯಾಕೆ ಗೊತ್ತಾ? ಏರಿನಲ್ಲಿ ಮುಂದೆ ಬಸ್ ನಿಂತಿರುತ್ತದೆ. ಇವರು ಬ್ರೇಕ್ ಹಿಡಿಯುವುದಿಲ್ಲ, ಆಕ್ಸಿಲರೇಟರ್ ಅರ್ಧ ಒತ್ತಿ ಕಾರನ್ನು ಅಲ್ಲೇ ತೇಲಿಸಿ ನಿಲ್ಲಿಸುತ್ತಾರೆ. ಒಳಗೆ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಮ್ಯಾನುಯಲ್‌ನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಂತರೆ ಕಾಲಿಗಾದರೂ ನೋವಾಗಿ ಗೊತ್ತಾಗುತ್ತದೆ. ಎಎಂಟಿಯಲ್ಲಿ ವಾಸನೆ ಬಂದ ಮೇಲೇ ಗೊತ್ತಾಗುವುದು. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕ್, ಜಾಸ್ತಿ ಹೊತ್ತಾದರೆ ಹ್ಯಾಂಡ್ ಬ್ರೇಕ್. ಇಷ್ಟು ಮಾಡಿದರೆ ಎಎಂಟಿ ಬಾಳಿಕೆ ಬರುತ್ತದೆ.

ಸಿವಿಟಿಯಲ್ಲಿ ಗೇರೇ ಇಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟು. ಪುಲ್ಲಿಯ ಬಾಯಿ ಅಗಲ ಆಗುತ್ತಾ, ಕಿರಿದಾಗುತ್ತಾ ಹೋಗುತ್ತದೆ. ಬೆಣ್ಣೆ ಹಾಗೆ ಹೋಗುತ್ತದೆ, ಆದರೆ ಜೋರಾಗಿ ಒತ್ತಿದರೆ ಮೊದಲು ಇಂಜಿನ್ ಕೂಗುತ್ತದೆ, ಕಾರು ಆಮೇಲೆ ಬರುತ್ತದೆ. ಮೊದಲು ಗುಡುಗು, ಹಿಂದೆ ಮಳೆ.

ಟಾರ್ಕ್ ಕನ್ವರ್ಟರ್ ಇನ್ನೊಂದು ಬಗೆಯ ಆಟೋಮ್ಯಾಟಿಕ್, ಹಳೇ ಕಾಲದ ವಿದ್ಯೆ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿ ಬದಲು ಎಣ್ಣೆ. ಏರಿನಲ್ಲಿ ನಿಧಾನಕ್ಕೆ ತೆವಳುವುದಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ.

ಕೆಎ46, ಸಕಲೇಶಪುರ:
ಗ್ರೀಸ್‌ಕೈ ಅಣ್ಣ, ಡಿಸಿಟಿ ಬಿಟ್ಟುಬಿಟ್ರಲ್ಲ. ಡಬಲ್ ಕ್ಲಚ್. ಗೇರ್ ಬೀಳುವುದೇ ಗೊತ್ತಾಗಲ್ಲ, ರಾಕೆಟ್.

ಗ್ರೀಸ್‌ಕೈ, ಚಿಕ್ಕಮಗಳೂರು:
ಬೇಕೆಂದೇ ಬಿಟ್ಟೆ. 11 ಲಕ್ಷಕ್ಕೆ ಹೊಸದು ಹುಡುಕಿದರೆ ಸಿಗುವುದು ಕಡಿಮೆ. ಮತ್ತೆ ಡ್ರೈ ಕ್ಲಚ್ ಇರುವ ಡಿಸಿಟಿಗೆ ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ ಬಿಸಿ ಏರುತ್ತದೆ. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಆದರೆ ವಾಸಿ.

ಕೆಎ46, ಸಕಲೇಶಪುರ:
ಅದು ನಿಜ. ನನ್ನ ಹಳೇ ಡಿಸಿಟಿ (ಯಾವ ಕಂಪನಿ ಅಂತ ಕೇಳಬೇಡಿ) ಶಿರಾಡಿಯಲ್ಲಿ ಲಾರಿ ಸಾಲಿನ ಹಿಂದೆ ಒಂದೂವರೆ ಗಂಟೆ ತೆವಳಿ, ಮಾರನಹಳ್ಳಿ ಹತ್ತಿರ ಡ್ಯಾಶಿನಲ್ಲಿ ಹಳದಿ ದೀಪ ಹೊತ್ತಿಸಿ ಕೂತಿತು. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ ಮಳೆಯಲ್ಲಿ ನಿಂತೆ. ಹಿಂದಿನಿಂದ 20 ವರ್ಷ ಹಳೇ ಓಮ್ನಿ ಹಾರ್ನ್ ಹೊಡೆದುಕೊಂಡು ಹೋಯಿತು. ಅದರ ಡ್ರೈವರ್ ನಕ್ಕಿದ್ದು ಇನ್ನೂ ಮರೆತಿಲ್ಲ.

ರಿಟೈರ್ಡ್‌ಮೇಷ್ಟ್ರು, ಹಾಸನ:
ಗಂಡಸಿಗೆ ಗೇರು ಹಾಕಲು ಬರಬೇಕಪ್ಪಾ. ನಾವು ಅಂಬಾಸಿಡರ್‌ನಲ್ಲಿ ಸ್ಟೀರಿಂಗ್ ಪಕ್ಕದ ಗೇರ್ ಹಾಕಿಕೊಂಡು ಚಾರ್ಮಾಡಿ ಹತ್ತಿದವರು. ಆಟೋಮ್ಯಾಟಿಕ್ ಅಂದರೆ ಸೋಮಾರಿಗಳ ಕಾರು.

ಮಲ್ಲಿಗೆಮೊಗ್ಗು, ಹಾಸನ:
ಮೇಷ್ಟ್ರೇ, ಪಾಪ ಅವರಿಗೆ ಮಂಡಿ ನೋವು ಅಂತ ಮೊದಲನೇ ಪೋಸ್ಟಲ್ಲೇ ಇದೆ. ಓದದೇ ಮಾರ್ಕ್ಸ್ ಹಾಕುವ ಅಭ್ಯಾಸ ಇನ್ನೂ ಹೋಗಿಲ್ವಾ? 😄 ಮತ್ತೆ ಈ "ಗಂಡಸಿಗೆ" ಯಾಕೆ? ನಾನು ಎಂಟು ವರ್ಷ ಮ್ಯಾನುಯಲ್ ಓಡಿಸಿದವಳು.

ರಿಟೈರ್ಡ್‌ಮೇಷ್ಟ್ರು, ಹಾಸನ:
ಸರಿ ತಾಯಿ, ತಪ್ಪಾಯಿತು. ಮಂಡಿ ನೋವಿದ್ದರೆ ಬೇರೆ ಮಾತು. ನನಗೂ ಇದೆ. ಅದಕ್ಕೇ ಮಗ ಓಡಿಸುತ್ತಾನೆ.

ಮಲ್ಲಿಗೆಮೊಗ್ಗು, ಹಾಸನ:
@ಎರಡನೇಗೇರು ಅವರಿಗೆ ನಿಜವಾದ ಉತ್ತರ ಈಗ. ಯಾವ ಗೇರ್‌ಬಾಕ್ಸ್ ಅಂತ ನೀವೊಬ್ಬರೇ ಕೂತು ತೀರ್ಮಾನ ಮಾಡಬೇಡಿ. ಹೆಂಡತಿಯನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ಅವರ ಕೈಗೇ ಕೀ ಕೊಡಿ, ನೀವು ಹಿಂದಿನ ಸೀಟಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. "ಬ್ರೇಕ್ ಬ್ರೇಕ್" ಅಂತ ಕೂಗಬೇಡಿ.

ಹತ್ತು ವರ್ಷದಿಂದ ಮುಟ್ಟಿಲ್ಲ ಅಂದಿರಲ್ಲ, ಅದರ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ. ನನ್ನ ಅಕ್ಕನದು ಹೀಗೇ ಆಗಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ವಾರ ಆಗಿಲ್ಲ, ಎನ್‌ಆರ್ ಸರ್ಕಲ್‌ನಲ್ಲಿ ಕಾರು ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದೆ ಸಿಟಿ ಬಸ್, ಪಕ್ಕದಲ್ಲಿ ಬೈಕಿನ ಹುಡುಗರು. ಆವತ್ತು ಕೀ ಟೇಬಲ್ ಮೇಲೆ ಇಟ್ಟವಳು ಏಳು ವರ್ಷ ಮುಟ್ಟಲಿಲ್ಲ. ಎಎಂಟಿ ಬಂದ ಮೇಲೆ ಈಗ ದಿನಾ ಮಗಳನ್ನು ಸ್ಕೂಲಿಗೆ ಬಿಟ್ಟು, ಸಂತೆ ಮುಗಿಸಿಕೊಂಡು ಬರುತ್ತಾಳೆ. ಕಾರು ಆಫ್ ಆಗುವುದಿಲ್ಲ ಅನ್ನುವ ಧೈರ್ಯ ಒಂದೇ ಅವಳಿಗೆ ಬೇಕಾಗಿದ್ದುದು.

ಎರಡನೇಗೇರು, ಚಿಕ್ಕಮಗಳೂರು:
@ಮಲ್ಲಿಗೆಮೊಗ್ಗು ಇದನ್ನು ಅವಳಿಗೆ ಓದಿ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ "ನಂದು ಹನುಮಂತಪ್ಪ ಸರ್ಕಲ್" ಅಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೆ ಇವತ್ತೇ ಗೊತ್ತಾಗಿದ್ದು.

ಮಲ್ಲಿಗೆಮೊಗ್ಗು, ಹಾಸನ:
ನೋಡಿದ್ರಾ.

ಬ್ಯಾಟರಿಬಾಬು, ಹಾಸನ:
ಎಲ್ಲರೂ ಪೆಟ್ರೋಲ್ ಹೊಗೆಯಲ್ಲೇ ಇದ್ದೀರಿ. ಎಲೆಕ್ಟ್ರಿಕ್ ತಗೊಳ್ಳಿ ಸರ್! ಗೇರೇ ಇಲ್ಲ, ಕ್ಲಚ್ಚೂ ಇಲ್ಲ, ಬಿಕ್ಕಳಿಕೆಯೂ ಇಲ್ಲ. ಟಿಯಾಗೋ ಇವಿಯಲ್ಲಿ 24 ಕಿಲೋವ್ಯಾಟ್ ಅವರ್ ಬ್ಯಾಟರಿ ಸಿಗುತ್ತದೆ, ನಿಮ್ಮ 125 ಕಿಲೋಮೀಟರಿಗೆ ಸಾಕು. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಬ್ರೇಕ್ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಆ ಹಿಡಿತ ಎಷ್ಟಿರಬೇಕು ಅನ್ನುವುದನ್ನೂ ನೀವೇ ಬದಲಿಸಿಕೊಳ್ಳಬಹುದು. ದಿನಾ ಓಡುವ ಕಾರು ಎಲೆಕ್ಟ್ರಿಕ್, ಮಜಾಕ್ಕೆ ಪೆಟ್ರೋಲ್. ಎರಡು ಕಾರು ಇದ್ದವರಿಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ.

ತೋಟದಮನೆ, ಆಲ್ದೂರು:
ಕರೆಂಟ್ ಯಾರು ಕೊಡ್ತಾರೆ? ಜುಲೈನಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ಮೂರು ದಿನ ಫೋನ್ ಚಾರ್ಜ್ ಮಾಡುವುದಕ್ಕೆ ಜೀಪ್ ಸ್ಟಾರ್ಟ್ ಮಾಡಬೇಕು.

ಬ್ಯಾಟರಿಬಾಬು, ಹಾಸನ:
ಅವರು ಇರುವುದು ಪೇಟೆಯಲ್ಲಿ ಸರ್, ನಿಮ್ಮ ತೋಟದಲ್ಲಲ್ಲ. ಹಾಸನದ ಆಫೀಸಿನಲ್ಲಿ ಒಂದು 15 ಆಂಪಿಯರ್ ಪ್ಲಗ್ ಸಿಕ್ಕರೂ ಸಾಕು.

ಎರಡನೇಗೇರು, ಚಿಕ್ಕಮಗಳೂರು:
ಮನಸ್ಸಿದೆ ಬಾಬು. ಆದರೆ ಮನೆ ಬಾಡಿಗೆಯದು, ಮಾಲೀಕರು ಗೀಸರ್ ಹಾಕಿದರೇ ಮುಖ ನೋಡುತ್ತಾರೆ. ಕಾರ್ ಚಾರ್ಜರ್ ಅಂದರೆ ಮನೆಯೇ ಖಾಲಿ ಮಾಡಿಸಿಯಾರು.

ಘಾಟಿಗಾಳಿ, ಮೂಡಿಗೆರೆ:
ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಆಟೋಮ್ಯಾಟಿಕ್‌ನಲ್ಲಿ ಘಾಟಿ ಇಳಿಯುವುದು ಅಪಾಯ. ಇಂಜಿನ್ ಬ್ರೇಕಿಂಗ್, ಅಂದರೆ ಕೆಳಗಿನ ಗೇರಿನಲ್ಲಿ ಇಂಜಿನ್ನೇ ಕಾರಿನ ವೇಗ ಹಿಡಿಯುವುದು, ಇರುವುದಿಲ್ಲ. ಮುಳ್ಳಯ್ಯನಗಿರಿ ಇಳಿಯುವಾಗ ನೋಡಿ, ಪ್ರತೀ ಶನಿವಾರ ಯಾವುದೋ ಊರಿನ ಆಟೋಮ್ಯಾಟಿಕ್ ಎಸ್‌ಯುವಿ ಚಕ್ರದಿಂದ ಹೊಗೆ ಬಿಡುತ್ತಾ ನಿಂತಿರುತ್ತದೆ.

ಗ್ರೀಸ್‌ಕೈ, ಚಿಕ್ಕಮಗಳೂರು:
@ಘಾಟಿಗಾಳಿ ಹೊಗೆ ನಿಜ, ಕಾರಣ ತಪ್ಪು. ಇಂಜಿನ್ ಬ್ರೇಕಿಂಗ್ ಎಲ್ಲ ಆಟೋಮ್ಯಾಟಿಕ್‌ಗೂ ಇದೆ. ಕೇಳಿ ತೆಗೆದುಕೊಳ್ಳಬೇಕು ಅಷ್ಟೇ. ಲಿವರ್ ಡಿ ಯಲ್ಲೇ ಬಿಟ್ಟರೆ ಕಾರು ಪೆಟ್ರೋಲ್ ಉಳಿಸಲು ಮೇಲಿನ ಗೇರಿಗೆ ಹೋಗಿ ಕೂರುತ್ತದೆ, ಇವರು ಮೇಲಿನಿಂದ ಕೆಳಗಿನವರೆಗೆ ಬ್ರೇಕ್ ಮೇಲೇ ಕಾಲಿಟ್ಟಿರುತ್ತಾರೆ. ಕೆಳಗಿನ ಗೇರಿನಲ್ಲಿ ಹಿಡಿದಿಡಲು ಲಿವರಿನಲ್ಲಿ ಕೆಲವು ಕಾರಿಗೆ ಎಲ್ ಇರುತ್ತದೆ, ಕೆಲವಕ್ಕೆ ಎಸ್, ಎಎಂಟಿಗೆ ಸಾಮಾನ್ಯವಾಗಿ ಪ್ಲಸ್ ಮೈನಸ್. ಅದರಲ್ಲಿ ಎರಡನೇ ಗೇರಿಗೆ ಇಳಿಸಿ ಬಿಟ್ಟರೆ ಕಾರು ತಾನೇ ಹಿಡಿದುಕೊಂಡು ಇಳಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೇ ಲಾರಿ ಡ್ರೈವರುಗಳು ಹೇಳುತ್ತಿದ್ದುದು ಆಟೋಮ್ಯಾಟಿಕ್‌ಗೂ ಸರಿಯೇ.

ಹೋದ ತಿಂಗಳು ಕೈಮರದ ಹತ್ತಿರ ಒಬ್ಬರು ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ ಮುಂದಿನ ಎರಡೂ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದೆ. ಒಬ್ಬ ಹುಡುಗ ಬಾಟಲಿ ನೀರು ಹಿಡಿದುಕೊಂಡು ಚಕ್ರಕ್ಕೆ ಸುರಿಯಲು ರೆಡಿಯಾಗಿದ್ದ. ಕೈ ಹಿಡಿದು ನಿಲ್ಲಿಸಿದೆ. ಕಾದ ಡಿಸ್ಕಿಗೆ ತಣ್ಣೀರು ಸುರಿದರೆ ಡೊಂಕಾಗುತ್ತದೆ, ಬಿರುಕೂ ಬಿಡಬಹುದು. ಅರ್ಧ ಗಂಟೆ ಸುಮ್ನೆ ಬಿಟ್ಟು ಆರಿಸಿ, ಲಿವರ್ ತೋರಿಸಿಕೊಟ್ಟು ಕಳಿಸಿದೆ. "ಈ ಪ್ಲಸ್ ಮೈನಸ್ ಯಾತಕ್ಕೆ ಅಂತ ಇವತ್ತೇ ಗೊತ್ತಾಗಿದ್ದು ಅಂಕಲ್" ಅಂದ. ಕಾರು ತೆಗೆದುಕೊಂಡು ಎರಡು ವರ್ಷ ಆಗಿತ್ತಂತೆ!

ಘಾಟಿಗಾಳಿ, ಮೂಡಿಗೆರೆ:
ಒಪ್ಪಿದೆ. ಆದರೂ ಚಾರ್ಮಾಡಿಯಲ್ಲಿ ಮ್ಯಾನುಯಲ್ ಸುಖವೇ ಬೇರೆ. ಅಣ್ಣಪ್ಪ ಸ್ವಾಮಿಗೆ ಕೈಮುಗಿದು ತಿರುವಿಗೆ ಬರುವಾಗ ಮೂರರಿಂದ ಎರಡಕ್ಕೆ ಹಾಕಿ, ಕ್ಲಚ್ ಬಿಡುವ ಮೊದಲು ಆಕ್ಸಿಲರೇಟರಿಗೆ ಒಂದು ಚಿಕ್ಕ ಏಟು ಕೊಟ್ಟರೆ ಗೇರು ಸದ್ದಿಲ್ಲದೆ ಕೂರುತ್ತದೆ. ಆ ಒಂದು ಕ್ಷಣಕ್ಕೆ ಬೆಳಿಗ್ಗೆ ಐದಕ್ಕೆ ಏಳುತ್ತೇನೆ.

ಎರಡನೇಗೇರು, ಚಿಕ್ಕಮಗಳೂರು:
ಅದೇ, ಅದೇ! ಇದನ್ನು ನನ್ನ ಹೆಂಡತಿಗೆ ಹೇಗೆ ಹೇಳಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಕೆಎ46, ಸಕಲೇಶಪುರ:
ಕೊಟ್ಟಿಗೆಹಾರದ ನೀರ್ ದೋಸೆಗೆ ಏಳ್ತೀನಿ ಅಂತ ನಿಜ ಹೇಳಿ.

ಘಾಟಿಗಾಳಿ, ಮೂಡಿಗೆರೆ:
ದೋಸೆ ಇಳಿಯುವಾಗ ಅಲ್ಲ, ಹತ್ತಿ ಬಂದ ಮೇಲೆ. ಹೊಟ್ಟೆ ತುಂಬಿಸಿಕೊಂಡು ತಿರುವು ಹಾಕಬಾರದು.

ತೋಟದಮನೆ, ಆಲ್ದೂರು:
ನೀರ್ ದೋಸೆಗೆ ಕಾಯಿಹಾಲು ಬೆಲ್ಲವೋ, ಚಟ್ನಿಯೋ? ಇದಕ್ಕೆ ಉತ್ತರ ಕೊಟ್ಟು ಆಮೇಲೆ ಗೇರ್‌ಬಾಕ್ಸ್ ಮಾತಾಡಿ.

ರಿಟೈರ್ಡ್‌ಮೇಷ್ಟ್ರು, ಹಾಸನ:
ಕೋಳಿ ಸಾರು.

ಕ್ಲಚ್‌ಪ್ಲೇಟ್, ಹಾಸನ:
ಮೇಷ್ಟ್ರಿಗೆ ಇವತ್ತಿನ ಮೊದಲ ಲೈಕ್ 😂

ಪೈಸೆಲೆಕ್ಕ, ಕಡೂರು:
ಎಲ್ಲರೂ ಗೇರು, ದೋಸೆ ಅಂತ ಕೂತಿದ್ದೀರಿ. ಎರಡು ಕಾರಿನ ಖರ್ಚು ಯಾರಾದರೂ ಕೂಡಿಸಿದಿರಾ?

2007ರ ಕಾರು ಅಂದರೆ 15 ವರ್ಷ 2022ಕ್ಕೇ ಮುಗಿದಿದೆ. ಆರ್‌ಸಿ ರಿನ್ಯೂ ಮಾಡಿಸಿದ್ದರೆ ಅದು ಐದು ವರ್ಷಕ್ಕೆ ಮಾತ್ರ, 2027ರಲ್ಲಿ ಮತ್ತೆ ಎಫ್‌ಸಿಗೆ ನಿಲ್ಲಬೇಕು. ಗ್ರೀನ್ ಟ್ಯಾಕ್ಸ್ ಬೇರೆ. ಇನ್ಶೂರೆನ್ಸ್ ಎರಡಕ್ಕೂ ಕಟ್ಟಬೇಕು. ಹಳೇ ಕಾರು ನಿಂತೇ ಇದ್ದರೂ ಥರ್ಡ್ ಪಾರ್ಟಿ ಇಲ್ಲದೆ ರಸ್ತೆಗೆ ಇಳಿಸುವ ಹಾಗಿಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸ್ವಿಫ್ಟ್ ಮೇಲೆ ವರ್ಷಗಟ್ಟಲೆ ಕೂಡಿಕೊಂಡ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಇನ್ಶೂರೆನ್ಸ್ ಕಂತಿನಲ್ಲಿ ಸಿಗುವ ರಿಯಾಯಿತಿ) ಇದೆ ಅಂತಿಟ್ಟುಕೊಳ್ಳಿ. ಅದನ್ನು ಮಾರಿ ಹೊಸದು ತಗೊಂಡರೆ ಬೋನಸ್ ಹೊಸ ಕಾರಿಗೆ ಬರುತ್ತದೆ. ಎರಡನ್ನೂ ಇಟ್ಟುಕೊಂಡರೆ ಒಂದೇ ಬೋನಸ್ಸನ್ನು ಎರಡು ಕಡೆ ತೋರಿಸಲು ಆಗುವುದಿಲ್ಲ.

ಒಂದು ಸಮಾಧಾನ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳಿದಿದೆ. ಮುಂಚೆ 28, ಮೇಲೆ ಸೆಸ್ ಬೇರೆ ಇತ್ತು. ನಿಮ್ಮ 11 ಲಕ್ಷಕ್ಕೆ ಎಎಂಟಿ ಆರಾಮಾಗಿ ಬರುತ್ತದೆ, ಸಿವಿಟಿಯೂ ಎಟಕುತ್ತದೆ.

ಆದರೂ ನನ್ನ ಸಲಹೆ ಕೇಳಿದರೆ ಸ್ವಿಫ್ಟ್ ಮಾರಿ. ನಾಬ್ ಬಿಚ್ಚಿ ಇಟ್ಟುಕೊಳ್ಳಿ.

ಎರಡನೇಗೇರು, ಚಿಕ್ಕಮಗಳೂರು:
@ಪೈಸೆಲೆಕ್ಕ ಲೆಕ್ಕ ಸರಿ ಇದೆ ಸರ್, ಕೊನೇ ಸಾಲು ಬಿಟ್ಟು.

ಘಾಟಿಗಾಳಿ, ಮೂಡಿಗೆರೆ:
"ನಾಬ್ ಬಿಚ್ಚಿ ಇಟ್ಟುಕೊಳ್ಳಿ" ಅಂತೆ. ಕಲ್ಲು ಹೃದಯ.

ಪೈಸೆಲೆಕ್ಕ, ಕಡೂರು:
ನನ್ನ ಮನೆ ಮುಂದೆಯೂ ಒಂದು ಪಾಲಿಯೋ 1.6 ನಿಂತಿತ್ತು ಸ್ವಾಮಿ. ನಾಲ್ಕು ವರ್ಷ "ಈ ಭಾನುವಾರ, ಮುಂದಿನ ಭಾನುವಾರ" ಅಂತ ಹೇಳಿದೆ. ಕೊನೆಗೆ ಕವರ್ ತೆಗೆದಾಗ ಇಂಜಿನ್ ಮೇಲೆ ಇಲಿ ಮರಿ ಹಾಕಿತ್ತು. ವೈರಿಂಗ್ ಪೂರ್ತಿ ಹೋಗಿತ್ತು. ಓಡಿಸದೇ ಪ್ರೀತಿಸುತ್ತೇನೆ ಅನ್ನುವವರಿಗೆ ಹೇಳಿದ ಮಾತು ಅದು.

ಗ್ರೀಸ್‌ಕೈ, ಚಿಕ್ಕಮಗಳೂರು:
ಪೈಸೆಲೆಕ್ಕ ಹೇಳಿದ್ದು ಕಹಿಯಾದರೂ ನಿಜ. ಕಾರು ಓಡಿಸಿ ಹಾಳಾಗುವುದಕ್ಕಿಂತ ನಿಲ್ಲಿಸಿ ಹಾಳಾಗುವುದು ಜಾಸ್ತಿ. ಅದರಲ್ಲೂ ನಮ್ಮ ಮಲೆನಾಡಿನಲ್ಲಿ. ಮಳೆಗಾಲದಲ್ಲಿ ಎರಡು ವಾರ ಬಿಟ್ಟರೆ ಸೀಟ್ ಬೆಲ್ಟಿಗೆ ಬೂಷ್ಟು, ಡಿಸ್ಕಿಗೆ ತುಕ್ಕು, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದರೆ ಹಿಂದಿನ ಡ್ರಮ್ ಕಚ್ಚಿಕೊಂಡಿರುತ್ತದೆ. ಸಮತಟ್ಟಾದ ಜಾಗದಲ್ಲಿ ಮೊದಲನೇ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ನಿಲ್ಲಿಸಿ.

ಈಗ ಪೆಟ್ರೋಲ್ ವಿಷಯ ಒಂದಿದೆ. ಬಂಕಿನಲ್ಲಿ ಬರುತ್ತಿರುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥೆನಾಲ್. 2023ರ ಏಪ್ರಿಲ್ ನಂತರ ಬಂದ ಕಾರುಗಳನ್ನು ಇದಕ್ಕೆ ತಕ್ಕ ಹಾಗೆ ಮಾಡುತ್ತಿದ್ದಾರೆ. 2007ರದು ಹಾಗಲ್ಲ. ರಬ್ಬರ್ ಪೈಪು, ಓ ರಿಂಗು ಗಟ್ಟಿಯಾಗಿ ಬಿರುಕು ಬಿಡಬಹುದು, ಸರ್ವಿಸಿಗೆ ಬಂದಾಗಲೆಲ್ಲ ನೋಡಿಸಿ. ಎಥೆನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಕೆಳಗೆ ಕೂರುತ್ತದೆ. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ 20 ಕಿಲೋಮೀಟರ್ ಓಡಿಸಿ. ಮನೆ ಮುಂದೆ ಸ್ಟಾರ್ಟ್ ಮಾಡಿ ಐದು ನಿಮಿಷ ಗುರ್ ಅನಿಸಿ ಆಫ್ ಮಾಡುವುದಲ್ಲ. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟೇ ಬ್ಯಾಟರಿಗೆ ವಾಪಸ್ ಬಂದಿರುವುದಿಲ್ಲ.

ತೋಟದಮನೆ, ಆಲ್ದೂರು:
ಇಲಿಗೆ ಹೊಗೆಸೊಪ್ಪು. ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ ನೇತು ಹಾಕಿ. ಇಂಜಿನ್ನಿಗೆ, ಬೆಲ್ಟಿಗೆ ತಾಗದ ಹಾಗೆ. ಕಾರಿನ ಒಳಗೆ ಹೊಗೆಸೊಪ್ಪಿನ ವಾಸನೆ ಬರುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಮೂರನೇಲ್ಯಾಪ್, ಚಿಕ್ಕಮಗಳೂರು:
ತಡವಾಗಿ ಬಂದೆ. ಇಡೀ ಮಾತುಕತೆ ಓದಿದೆ. ಚಿಕ್ಕಮಗಳೂರಿನವರು ಮ್ಯಾನುಯಲ್ ಬಿಡಬಾರದು ಅನ್ನಲು ನನಗೆ ಬೇರೆ ಕಾರಣ ಇದೆ. ಇದು ರ‍್ಯಾಲಿ ಊರು. ಏಷ್ಯಾ ಪೆಸಿಫಿಕ್ ರ‍್ಯಾಲಿ ಇಲ್ಲಿನ ತೋಟದ ಮಣ್ಣು ರಸ್ತೆಯಲ್ಲಿ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಇದೇ ಕೆಂಪು ಧೂಳಿನಲ್ಲಿ ಓಡಿಸಿದವರು. ಕಾಫಿ ಗಿಡದ ಸಂದಿಯಿಂದ ಕಾರಿನ ಸದ್ದು ಮೊದಲು ಬರುತ್ತದೆ, ಆಮೇಲೆ ಧೂಳು, ಆಮೇಲೆ ಕಾರು. ಅದನ್ನು ನೋಡಿದವರು ಮನೆಗೆ ಹೋಗಿ ಹೇಗೆ ಆಟೋಮ್ಯಾಟಿಕ್ ಓಡಿಸುತ್ತಾರೆ?

ಕೆಎ46, ಸಕಲೇಶಪುರ:
ಗುರು, ಆ ರ‍್ಯಾಲಿ ಕಾರಿಗೆ ಸೀಕ್ವೆನ್ಷಿಯಲ್ (ಒಂದಾದ ಮೇಲೆ ಒಂದರಂತೆ ಗೇರು ಬೀಳುವ) ಗೇರ್‌ಬಾಕ್ಸ್ ಇತ್ತು. ಒಂದು ಸಲ ಹೊರಟ ಮೇಲೆ ಗೇರಿಗೆ ಕ್ಲಚ್ಚೇ ಒತ್ತಲ್ಲ. ಅಲ್ಲಿಗೆ ಅವರೂ ಅರ್ಧ ಆಟೋಮ್ಯಾಟಿಕ್.

ಮೂರನೇಲ್ಯಾಪ್, ಚಿಕ್ಕಮಗಳೂರು:
ಈ ಮಾತು ಇಲ್ಲಿ ಹೇಳಿದ್ದು ಸರಿ, ಸ್ಟೇಜ್ (ರ‍್ಯಾಲಿ ಓಡುವ ರಸ್ತೆ) ಪಕ್ಕ ನಿಂತು ಹೇಳಬೇಡಿ. ಹೊಡೀತಾರೆ.

ಪೈಸೆಲೆಕ್ಕ, ಕಡೂರು:
@ಎರಡನೇಗೇರು ಏನಾಯಿತು? ಎರಡು ವಾರದಿಂದ ಸುದ್ದಿ ಇಲ್ಲ.

ಎರಡನೇಗೇರು, ಚಿಕ್ಕಮಗಳೂರು:
ಕ್ಷಮಿಸಿ, ಟೆಸ್ಟ್ ಡ್ರೈವ್ ಓಡಾಟದಲ್ಲಿದ್ದೆ. ಮಲ್ಲಿಗೆಮೊಗ್ಗು ಹೇಳಿದ ಹಾಗೇ ಮಾಡಿದೆ. ಕೀ ಅವಳ ಕೈಗೆ, ನಾನು ಹಿಂದಿನ ಸೀಟು.

ಮೊದಲು ಎಎಂಟಿ. ಪೇಟೆಯಲ್ಲಿ ಚೆನ್ನಾಗೇ ಹೋಯಿತು. ಹನುಮಂತಪ್ಪ ಸರ್ಕಲ್ ಬಂತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಬಿಡಲಿಲ್ಲ. ಬ್ರೇಕ್ ಹಿಡಿದಳು, ಬಿಟ್ಟಳು, ಕಾರು ತಾನೇ ಹೊರಟಿತು. ಸರ್ಕಲ್ ದಾಟಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ "ಅಷ್ಟೇನಾ?" ಅಂದಳು. ಆದರೆ ಕೈಮರದ ಏರಿನಲ್ಲಿ ಬಿಕ್ಕಳಿಕೆ ಶುರುವಾಯಿತು. ಎರಡು, ಮೂರು, ಮತ್ತೆ ಎರಡು. "ಇದಕ್ಕೆ ಯಾವ ಗೇರು ಬೇಕು ಅಂತ ಇದಕ್ಕೇ ಗೊತ್ತಿಲ್ಲ" ಅಂದಳು.

ಮಾರನೇ ವಾರ ಅಮೇಜ್ ಸಿವಿಟಿ. ಅದೇ ಏರು. ಇಂಜಿನ್ ಕೂಗಿತು, ಗ್ರೀಸ್‌ಕೈ ಹೇಳಿದ ಗುಡುಗೇ. ನನಗೆ ಇಷ್ಟ ಆಗಲಿಲ್ಲ. ಅವಳಿಗೆ ಬಹಳ ಇಷ್ಟ ಆಯಿತು. ಇಳಿಯುವಾಗ ಲಿವರ್ ಎಸ್‌ಗೆ ಹಾಕು ಅಂತ ಮಾತ್ರ ಹೇಳಿದೆ, ಅಷ್ಟಕ್ಕೇ "ಮಾತಾಡಬಾರದು ಅಂದಿದ್ರು" ಅಂತ ಬೈಸಿಕೊಂಡೆ.

ನಾನೂ ಓಡಿಸಿದೆ. ಮೊದಲ ಸಿಗ್ನಲ್‌ನಲ್ಲೇ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಬ್ರೇಕ್ ಅದುಮಿತು. ಸೇಲ್ಸ್ ಹುಡುಗನ ಹಣೆ ಡ್ಯಾಶ್ ಬೋರ್ಡಿಗೆ ತಾಗುವುದು ಸ್ವಲ್ಪದರಲ್ಲೇ ತಪ್ಪಿತು. ಎಡಗಾಲು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಓಡಿಸಿದೆ.

ಬುಕ್ ಮಾಡಿದ್ದೇವೆ, ಸಿವಿಟಿಯೇ. ಹೆಸರು ಅವಳದು, ಲೋನ್ ನಂದು.

ಕ್ಲಚ್‌ಪ್ಲೇಟ್, ಹಾಸನ:
50 ಸಾವಿರದಲ್ಲಿ ಮುಗಿಯುತ್ತಿತ್ತು. ಸಿವಿಟಿಗೆ ಲಕ್ಷದ ಮೇಲೆ ಕೊಟ್ಟಿರಿ. ಇರಲಿ, ಅಭಿನಂದನೆ.

ಮಲ್ಲಿಗೆಮೊಗ್ಗು, ಹಾಸನ:
"ಅಷ್ಟೇನಾ?" ❤️ ಅಕ್ಕನಿಗೆ ತೋರಿಸಿದೆ, ಕಣ್ಣು ಒರೆಸಿಕೊಂಡಳು.

ರಿಟೈರ್ಡ್‌ಮೇಷ್ಟ್ರು, ಹಾಸನ:
ಶುಭವಾಗಲಿ. ಎಡಗಾಲು ಮಡಚಿ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಮಗನಿಗೆ ಹೇಳುತ್ತೇನೆ.

ಎರಡನೇಗೇರು, ಚಿಕ್ಕಮಗಳೂರು:
ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಹೊಸ ಕಾರು ದಿನಾ ಹಾಸನಕ್ಕೆ ಹೋಗಿ ಬರುತ್ತಿದೆ, ಮಂಡಿ ಈಗ ವಾಸಿ. ನಾನು ಕೆಲಸಕ್ಕೆ ಹೋಗದ ದಿನ ಅವಳು ತವರಿಗೆ, ತರೀಕೆರೆಗೆ ಒಬ್ಬಳೇ ಹೋಗಿ ಬರುತ್ತಾಳೆ.

ಸ್ವಿಫ್ಟಿನ ಸುದ್ದಿ ಹೇಳಲು ನಾಚಿಕೆ. ಮದುವೆ, ಮಳೆ, ಆಫೀಸ್ ಅಂತ ನಾಲ್ಕು ಭಾನುವಾರ ತಪ್ಪಿತು. ಮೊನ್ನೆ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಬ್ಯಾಟರಿ ಕೂತಿತ್ತು. ನಮ್ಮ ಬೀದಿ ಇಳಿಜಾರು ಇದ್ದುದು ಪುಣ್ಯ. ಅವಳೂ ಪಕ್ಕದ ಮನೆ ಹುಡುಗನೂ ಹಿಂದಿನಿಂದ ತಳ್ಳಿದರು, ಎರಡನೇ ಗೇರು ಹಾಕಿ ಕ್ಲಚ್ ಬಿಟ್ಟೆ. ಎರಡು ಸಲ ಕೆಮ್ಮಿ ಎದ್ದು ಕೂತಿತು. "ನನ್ನ ಕಾರನ್ನು ಹೀಗೆ ತಳ್ಳಿ ಸ್ಟಾರ್ಟ್ ಮಾಡಬಹುದಾ?" ಅಂತ ಕೇಳಿದಳು. ಆಗಲ್ಲ ಅಂದೆ. "ಹಾಗಾದ್ರೆ ನಿಮ್ಮದಕ್ಕೆ ಒಂದು ಗುಣ ಇದೆ ಅಂತಾಯ್ತು" ಅಂದಳು.

ಗ್ರೀಸ್‌ಕೈ, ಚಿಕ್ಕಮಗಳೂರು:
ವಾರಕ್ಕೊಮ್ಮೆ 20 ಕಿಲೋಮೀಟರ್ ಅಂತ ಹೇಳಿದ್ದೆ ಅಲ್ವಾ? ಗ್ಯಾರೇಜಿಗೆ ತನ್ನಿ, ಬ್ಯಾಟರಿ ಚೆಕ್ ಮಾಡೋಣ.

ಘಾಟಿಗಾಳಿ, ಮೂಡಿಗೆರೆ:
ಗ್ಯಾರೇಜ್ ಸೋಮವಾರ. ಈ ಭಾನುವಾರ ಬೆಳಿಗ್ಗೆ ಆರಕ್ಕೆ ಮೂಡಿಗೆರೆಗೆ ಬನ್ನಿ. ಇಳಿಜಾರು ನೋಡಿ ನಿಲ್ಲಿಸಿ, ಜಂಪರ್ ಕೇಬಲ್ ನಾನು ತರುತ್ತೇನೆ.

ತೋಟದಮನೆ, ಆಲ್ದೂರು:
ದೋಸೆಗೆ ನಾನೂ ಬರುತ್ತೇನೆ. ಕಾಯಿಹಾಲು.